ಗಂಧದೆಣ್ಣೆ ತೆಗೆದ ಸರ್ಕಾರ

ಮೈಸೂರಿನ ಮಾನಂದವಾಡಿ ರಸ್ತೆ ಹಿಡಿದು ಅಶೋಕಪುರದ ಕಡೆಗೆ ಹೋದರೆ, ಒಂದಕ್ಕೊಂದು ಹೆಚ್ಚು ದೂರವಿಲ್ಲದಂತೆ ಮೂರು ಹಳೆಯ ಕಾಂಪೌಂಡುಗಳು ಸಿಗುತ್ತವೆ. ಒಂದರೊಳಗೆ ರೇಷ್ಮೆ ಸೀರೆ ನೇಯುತ್ತಾರೆ. ಇನ್ನೊಂದು ಗಂಧದ ಕೊರಡಿನಿಂದ ಎಣ್ಣೆ ಇಳಿಸಲು ಕಟ್ಟಿದ್ದು. ಮೂರನೆಯದು ರೈಲು ಬೋಗಿಗಳನ್ನು ರಿಪೇರಿ ಮಾಡುವ ವರ್ಕ್‌ಶಾಪು. ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ಗಂಧದೆಣ್ಣೆಯದು 1917ರಲ್ಲಿ, ವರ್ಕ್‌ಶಾಪು 1924ರಲ್ಲಿ. ಮೂರಕ್ಕೂ ಬಂಡವಾಳ ಹಾಕಿದ್ದು ಮಹಾರಾಜರ ಸರ್ಕಾರ.

ಸೀರೆ ನೇಯುವುದು, ಎಣ್ಣೆ ಬಟ್ಟಿ ಇಳಿಸುವುದು, ಸೋಪು ಮಾರುವುದು ಒಂದು ಸರ್ಕಾರ ಮಾಡುವ ಕೆಲಸವೇ? ಆ ಕಾಲದಲ್ಲಿ ಲಂಡನ್ನಿನಿಂದ ಭಾರತವನ್ನು ಆಳುತ್ತಿದ್ದವರ ಪ್ರಕಾರ ಖಂಡಿತ ಅಲ್ಲ. ಕಂದಾಯ ಎತ್ತಬೇಕು, ಶಾಂತಿ ಕಾಯಬೇಕು, ವ್ಯಾಪಾರವನ್ನು ವ್ಯಾಪಾರಿಗಳಿಗೆ ಬಿಡಬೇಕು ಎನ್ನುವುದು ಅವರ ಶಾಸ್ತ್ರ. ಮೈಸೂರು ಆ ಶಾಸ್ತ್ರವನ್ನು ಮೀರಿತು. ಯಾಕೆ ಎಂದು ಈ ಊರಿನಲ್ಲಿ ಯಾರನ್ನು ಕೇಳಿದರೂ ಎರಡು ಹೆಸರು ಬರುತ್ತವೆ: ಮಹಾರಾಜರಾಗಿದ್ದ ನಾಲ್ವಡಿಯವರು, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೂ ಇವರ ಪಟಗಳು ತೂಗುತ್ತವೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಇಬ್ಬರೂ ಅಧಿಕಾರಕ್ಕೆ ಬರುವ ಮೊದಲೇ ಸಂಸ್ಥಾನದ ಕೈ ಹಿಡಿದು ಈ ದಾರಿಗೆ ಎಳೆದದ್ದು ಒಂದು ಬರ, ಒಂದು ಸಾಲ, ಒಂದು ಚಿನ್ನದ ಗಣಿ.

ಬರ ಬಿಟ್ಟುಹೋದ ಸಾಲ

1876ರಿಂದ 78ರವರೆಗಿನ ಬರವನ್ನು ಹಳಬರು ಸಂವತ್ಸರಗಳ ಹೆಸರಿನಲ್ಲಿ ನೆನೆಯುತ್ತಿದ್ದರು: ಧಾತು, ಈಶ್ವರ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಬೇಕಾಗಿದ್ದವರನ್ನು ಬಿಡಿ, ಇದ್ದವರಲ್ಲೇ ಆರರಲ್ಲಿ ಒಬ್ಬರ ಲೆಕ್ಕ ಇಲ್ಲವಾಗಿತ್ತು. ಖಜಾನೆಯಲ್ಲಿ ಕೂಡಿಟ್ಟ ಹಣ ಕರಗಿ, ಅದರ ಮೇಲೆ 80 ಲಕ್ಷ ರೂಪಾಯಿ ಸಾಲ ಏರಿತು. ಬೆಂಗಳೂರಿನಿಂದ ಮೈಸೂರಿಗೆ ರೈಲು ಹಾದಿ ಹಾಕಿದ್ದು ಆ ಬರಗಾಲದ ಜನಕ್ಕೆ ಕೂಲಿ ಕೊಡುವ ಕಾಮಗಾರಿಯಾಗಿ. 1882ರಲ್ಲಿ ಅದರ ಮೇಲೆ ರೈಲು ಓಡಿತು.

1881ರ ಮಾರ್ಚ್ 25ರಂದು ಆಡಳಿತ ಮತ್ತೆ ಒಡೆಯರ ಮನೆತನಕ್ಕೆ ಬಂತು. ಚಾಮರಾಜೇಂದ್ರ ಒಡೆಯರಿಗೆ ಆಗಿನ್ನೂ ಹದಿನೆಂಟು. ಸಿಂಹಾಸನದ ಜೊತೆ ಅವರ ಕೈಗೆ ಬಂದದ್ದು ಆ ಸಾಲ, ಮತ್ತು ಬ್ರಿಟಿಷರಿಗೆ ವರ್ಷಕ್ಕೆ ಕಟ್ಟಬೇಕಾದ 24 ಲಕ್ಷ 50 ಸಾವಿರ ರೂಪಾಯಿ ಪೊಗದಿ. ಪೊಗದಿಯನ್ನು 35 ಲಕ್ಷಕ್ಕೆ ಏರಿಸುವುದಾಗಿ ಹಸ್ತಾಂತರದ ಪತ್ರದಲ್ಲೇ ಬರೆದಿತ್ತು. ಬರದಿಂದ ಬಸವಳಿದ ಸಂಸ್ಥಾನಕ್ಕೆ 1896ರವರೆಗೆ ಅವಧಿ ಸಿಕ್ಕಿತು ಅಷ್ಟೆ. ಸಂಸ್ಥಾನದ ಆದಾಯ ಆಗ ವರ್ಷಕ್ಕೆ ಸುಮಾರು ಒಂದು ಕೋಟಿ. ಅಂದರೆ ರೈತ ಕಟ್ಟಿದ ಕಂದಾಯದ ಪ್ರತಿ ರೂಪಾಯಿಯಲ್ಲಿ ನಾಲ್ಕಾಣೆ ಊರು ದಾಟುತ್ತಿತ್ತು.

ದಿವಾನ ರಂಗಾಚಾರ್ಲು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು. ಕಂದಾಯ ಏರಿಸುವಂತಿಲ್ಲ, ಬೇಸಾಯ ಒಂದನ್ನೇ ನಂಬಿದರೆ ಮುಂದಿನ ಬರಕ್ಕೆ ಮತ್ತೆ ಇದೇ ಗತಿ. ಬೇಸಾಯ, ಕೈಗಾರಿಕೆ ಎರಡೂ ಜೋಡೆತ್ತಿನಂತೆ ನಡೆಯಬೇಕೆಂದು ಅವರು ವಾದಿಸಿದರು. ಅದಕ್ಕಿಂತ ಹೊಸದಾಗಿದ್ದದ್ದು ಅವರ ಇನ್ನೊಂದು ನಡೆ. 1881ರ ಅಕ್ಟೋಬರ್ 7ರಂದು, ದಸರೆಗೆ ಜನ ಸೇರುವ ಹೊತ್ತು ನೋಡಿ, ತಾಲ್ಲೂಕುಗಳಿಂದ 144 ಮಂದಿ ಜಮೀನುದಾರರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಅವರ ಮುಂದೆ ಸರ್ಕಾರದ ಜಮಾಖರ್ಚು ಓದಿದರು. ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ದಿವಾನರು ಹೇಳುವುದು, ಪ್ರತಿನಿಧಿಗಳು ಕೇಳುವುದು, ತಮ್ಮ ಅಹವಾಲು ಒಪ್ಪಿಸುವುದು. ಆದರೂ ಆನೆ ಅಂಬಾರಿ ನೋಡಲು ಬಂದ ಗೌಡರೂ ಶೆಟ್ಟರೂ ಸರ್ಕಾರದ ಲೆಕ್ಕ ಕೇಳಿ ಊರಿಗೆ ಮರಳುವ ಪರಿಪಾಠ ಆ ವರ್ಷದಿಂದ ಬಿತ್ತು. ಲೆಕ್ಕ ಕೇಳಿದವರು ಇಂದಲ್ಲ ನಾಳೆ ಪಾಲು ಕೇಳುತ್ತಾರೆ. ಅದು ನಡೆಯಲು ಮೂವತ್ತಾರು ವರ್ಷ ಹಿಡಿಯಿತು.

ತಂತಿ ಮೊದಲು ಹೋದದ್ದು ಎಲ್ಲಿಗೆ?

1883ರ ಆರಂಭದಲ್ಲಿ ರಂಗಾಚಾರ್ಲು ತೀರಿಕೊಂಡರು. ನಂತರ ಬಂದ ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ ದಿವಾನಗಿರಿ ನಡೆಸಿದರು. ಅವರ ಕಾಲಕ್ಕೆ ಅದೃಷ್ಟ ತೆರೆದದ್ದು ಕೋಲಾರದ ನೆಲದಡಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಚಿನ್ನದ ಪದರ ಕಂಡಿತು. ಚಿನ್ನ ಲಂಡನ್ನಿಗೆ ಹೋಯಿತು, ಲಾಭ ಅಲ್ಲಿನ ಷೇರುದಾರರಿಗೆ ಹೋಯಿತು, ಮೈಸೂರಿಗೆ ಬಂದದ್ದು ರಾಯಧನ. ಆ ರಾಯಧನವೇ ಸಾಲ ಪೊಗದಿಗಳ ನಡುವೆ ಸಂಸ್ಥಾನಕ್ಕೆ ಉಸಿರಾಡಲು ಎಡೆ ಕೊಟ್ಟಿತು.

ಗಣಿ ಆಳಕ್ಕಿಳಿದಂತೆ ಉಗಿಯಂತ್ರಗಳ ಖರ್ಚು ಏರಿತು. ಕಲ್ಲಿದ್ದಲು ದೂರದಿಂದ ಬರಬೇಕು. ಆಗ ಎದ್ದ ಯೋಚನೆಯೇ ಶಿವನಸಮುದ್ರ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಆ ನೀರಿನಿಂದ ವಿದ್ಯುತ್ ತೆಗೆದು 92 ಮೈಲಿ ದೂರದ ಗಣಿಗೆ ತಂತಿ ಎಳೆಯುವುದು. ಅಷ್ಟು ಉದ್ದದ ತಂತಿ ಜಗತ್ತಿನಲ್ಲೇ ಅಪರೂಪವಾಗಿದ್ದ ಕಾಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಯಂತ್ರಗಳು ಬಂದವು. 1902ರಲ್ಲಿ ಕೋಲಾರದ ಗಣಿಗೆ ಕರೆಂಟು ಹರಿಯಿತು. ಯೋಜನೆಯ ಹಿಂದಿದ್ದ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮೊದಲು ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, ರಾಜಧಾನಿ ಮೈಸೂರಿಗೆ 1908ರಲ್ಲಿ. ಈ ಸರದಿಯೇ ಆ ಕಾಲದ ಅರ್ಥವ್ಯವಸ್ಥೆಯ ನಕಾಶೆ. ಶಿವನಸಮುದ್ರಕ್ಕೆ ಕೋಲಾರಕ್ಕಿಂತ ಮೈಸೂರು ಎಷ್ಟೋ ಹತ್ತಿರ. ಆದರೆ ವಿದ್ಯುತ್ತಿಗೆ ದುಡ್ಡು ಕೊಡುವ ಗಿರಾಕಿ ಇದ್ದದ್ದು ಕೋಲಾರದಲ್ಲಿ. ಮೈಸೂರು ಸರ್ಕಾರ ತಾನೇ ಸರಕು ತಯಾರಿಸಿ ಗಿರಾಕಿಗೆ ಮಾರಿದ ಮೊದಲ ದೊಡ್ಡ ವ್ಯಾಪಾರ ಅದು. ವ್ಯಾಪಾರ ಕೈಹಿಡಿಯಿತು. ಹಣ ಹಾಕಿದರೆ ಹಣ ಬರುತ್ತದೆ, ಅದಕ್ಕೆ ಕಂದಾಯ ಏರಿಸಬೇಕಿಲ್ಲ ಎಂಬ ಧೈರ್ಯವೂ ಬಂತು.

ಈ ನಡುವೆ ಮೈಸೂರು ಪಟ್ಟಣ ಎರಡು ಪೆಟ್ಟು ತಿಂದಿತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಮರುವರ್ಷ ಪ್ಲೇಗು. 1891ರಲ್ಲಿ 74 ಸಾವಿರ ಜನರಿದ್ದ ಪಟ್ಟಣದಲ್ಲಿ 1901ರ ಹೊತ್ತಿಗೆ 68 ಸಾವಿರ. ಇಲಿ ಸತ್ತ ಮನೆ ಬಿಟ್ಟು ಜನ ಊರಾಚೆ ಶೆಡ್ಡು ಹಾಕಿಕೊಂಡು ಬದುಕಿದರು. 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ರಚನೆಯಾಯಿತು. ಕೋಟೆಯೊಳಗಿನ ಇಕ್ಕಟ್ಟು ಕೇರಿಗಳನ್ನು ತೆರವು ಮಾಡಿ, ಕೃಷ್ಣಮೂರ್ತಿಪುರ, ಲಕ್ಷ್ಮೀಪುರದಂಥ ಹೊಸ ಬಡಾವಣೆಗಳಲ್ಲಿ ನೇರ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ ಬಂದವು. ಮೈಸೂರಿನ ಅಂದವೆಂದು ಇವತ್ತು ಪ್ರವಾಸಿಗಳಿಗೆ ತೋರಿಸುವ ಅಗಲ ಬೀದಿಗಳಲ್ಲಿ ಹಲವು ಪ್ಲೇಗಿನ ಭಯದಲ್ಲಿ ಗೆರೆ ಎಳೆದವು. ಅರಮನೆಯೂ ಹೆನ್ರಿ ಇರ್ವಿನ್ ನಕಾಶೆಯಂತೆ 41 ಲಕ್ಷಕ್ಕೂ ಮಿಕ್ಕಿದ ಖರ್ಚಿನಲ್ಲಿ 1912ಕ್ಕೆ ಎದ್ದುನಿಂತಿತು. ಬರದ ಸಾಲದ ಅರ್ಧಕ್ಕಿಂತ ಹೆಚ್ಚು ಒಂದೇ ಕಟ್ಟಡಕ್ಕೆ ಹಾಕುವಷ್ಟು ಖಜಾನೆ ಚೇತರಿಸಿಕೊಂಡಿತ್ತು.

ಜಪಾನ್ ನೋಡಿಬಂದ ಎಂಜಿನಿಯರು

ಮೋಕ್ಷಗುಂಡಂ ವಿಶ್ವೇಶ್ವರಯ್ಯ 1909ರಲ್ಲಿ ಚೀಫ್ ಎಂಜಿನಿಯರಾಗಿ ಮೈಸೂರಿಗೆ ಬಂದಾಗ ಅವರಿಗೆ ನಲವತ್ತೆಂಟು ದಾಟಿತ್ತು. ಮುಂಬಯಿ ಸರ್ಕಾರದಲ್ಲಿ ಹೆಸರು ಮಾಡಿ ಬಂದವರು. 1898ರಲ್ಲೇ ಜಪಾನಿಗೆ ಹೋಗಿದ್ದರು. ಮೂವತ್ತು ವರ್ಷದ ಹಿಂದೆ ಬೇಸಾಯವನ್ನೇ ನೆಚ್ಚಿದ್ದ ದೇಶ ಶಾಲೆ, ಬ್ಯಾಂಕು, ಕಾರ್ಖಾನೆಗಳಿಂದ ಮೇಲೆದ್ದದ್ದನ್ನು ಕಣ್ಣಾರೆ ಕಂಡಿದ್ದರು. ಆ ಮೂರನ್ನೂ ಅಲ್ಲಿ ಮುಂದೆ ನಿಂತು ಬೆಳೆಸಿದ್ದು ಸರ್ಕಾರ. ಮೈಸೂರೂ ಹಾಗಾಗಬಹುದು ಎಂಬುದು ಅವರ ನಂಬಿಕೆ.

ಅವರ ಒತ್ತಾಯದಿಂದ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಶುರುವಾಯಿತು. ಬೇಸಾಯ, ವಿದ್ಯೆ, ಕೈಗಾರಿಕೆ ಮತ್ತು ವ್ಯಾಪಾರ ಎಂದು ಮೂರು ಸಮಿತಿಗಳು. ಅಧಿಕಾರಿಗಳ ಜೊತೆ ವರ್ತಕರು, ಜಮೀನುದಾರರು, ವಕೀಲರು ಕೂತು ಊರಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ ಎಂದು ಅಂಕಿ ಅಂಶ ಕೂಡಿಸಿದರು. 1912ರ ಕೊನೆಯಲ್ಲಿ ವಿಶ್ವೇಶ್ವರಯ್ಯ ದಿವಾನರಾದ ಮೇಲೆ ಈ ಕಾಗದಗಳಿಗೆ ಕೈಕಾಲು ಬಂತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ನಡುವೆ, 1915ರಲ್ಲಿ, ಇದೇ ಸಮಾಜದ ವಿದ್ಯಾ ಸಮಿತಿಯ ಚರ್ಚೆಯಿಂದ ಕನ್ನಡ ಸಾಹಿತ್ಯ ಪರಿಷತ್ತು. ರೇಷ್ಮೆಗೂಡು, ಬೆಲ್ಲದ ಗಾಣಗಳ ಮಾತಾಡಲು ಕೂತ ಸಭೆ ನುಡಿಯ ಮಾತಿಗೂ ಬಂದದ್ದು ಆಕಸ್ಮಿಕವಲ್ಲ. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ವಿದ್ಯೆ ಹರಡದೆ ಉತ್ಪತ್ತಿ ಹೆಚ್ಚದು ಎನ್ನುವ ಲೆಕ್ಕ ಅದರ ಹಿಂದಿತ್ತು.

ಎಲ್ಲಕ್ಕಿಂತ ದೊಡ್ಡ ಪಣ ಕನ್ನಂಬಾಡಿ ಕಟ್ಟೆ. ಕೃಷ್ಣರಾಜಸಾಗರವನ್ನು ಇವತ್ತು ಮಂಡ್ಯದ ಗದ್ದೆಗಳ ತಾಯಿ ಎಂದು ನೋಡುತ್ತೇವೆ. ಆದರೆ 1911ರಲ್ಲಿ ಕೆಲಸ ಶುರುವಾದಾಗ ಖಜಾನೆಯ ಮುಂದಿಟ್ಟ ಬಲವಾದ ವಾದ ಕೋಲಾರದ್ದು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದ ಯಂತ್ರ ಸೊರಗುತ್ತಿತ್ತು, ಗಣಿಯವರು ಹೆಚ್ಚು ವಿದ್ಯುತ್ ಕೇಳುತ್ತಿದ್ದರು. ಮೇಲೆ ನೀರು ಕಟ್ಟಿಟ್ಟು ವರ್ಷವಿಡೀ ಬಿಟ್ಟರೆ ವಿದ್ಯುತ್ ಮಾರಿದ ಹಣವೇ ಕಟ್ಟೆಯ ಖರ್ಚನ್ನು ತೀರಿಸುತ್ತದೆ. ನೀರಾವರಿ ಜೊತೆಗೆ ಸಿಗುವ ಫಲ. ಮದರಾಸು ಸರ್ಕಾರ ತಕರಾರು ತೆಗೆಯಿತು. 1914ರಲ್ಲಿ ಮಧ್ಯಸ್ಥ ಗ್ರಿಫಿನ್ ಅವರ ತೀರ್ಪು ಬಂದರೂ ಜಗಳ ನಿಲ್ಲಲಿಲ್ಲ. 1924ರ ಒಪ್ಪಂದದವರೆಗೂ ಎಳೆಯಿತು. ಅಷ್ಟರಲ್ಲಿ ಸಾವಿರಾರು ಕೂಲಿಗಳು ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟುತ್ತಲೇ ಇದ್ದರು, ಮಲೇರಿಯಾದಿಂದ ಮಲಗುತ್ತಲೂ ಇದ್ದರು. ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ಗುಡಿ ಸಮೇತ, ನೀರಿನಡಿ ಹೋಯಿತು.

ಯುದ್ಧ ಬಂತು, ಹರಾಜು ನಿಂತಿತು

ಗಂಧದ ಮರ ಟಿಪ್ಪುವಿನ ಕಾಲದಿಂದ ಸರ್ಕಾರದ ಸೊತ್ತು. ರೈತನ ಬದುವಿನಲ್ಲಿ ಹುಟ್ಟಿದರೂ ಅದು ರಾಜವೃಕ್ಷ. ವರ್ಷಕ್ಕೊಮ್ಮೆ ಕೊರಡುಗಳ ಹರಾಜು ನಡೆಯುತ್ತಿತ್ತು. ದೊಡ್ಡ ಗಿರಾಕಿ ಜರ್ಮನಿ. ಅಲ್ಲಿನ ಕಾರ್ಖಾನೆಗಳು ಎಣ್ಣೆ ತೆಗೆದು ಜಗತ್ತಿಗೆ ಮಾರುತ್ತಿದ್ದವು. ಮರ ಮೈಸೂರಿನದು, ಪರಿಮಳದ ಲಾಭ ಹೊರಗಿನವರದು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಹಡಗು ನಿಂತಿತು, ಕೊರಡುಗಳು ಕೋಠಿಯಲ್ಲೇ ಉಳಿದವು, ಆದಾಯದ ಒಂದು ಮುಖ್ಯ ಬಾಯಿ ಮುಚ್ಚಿತು.

ಆಗ ಮೈಸೂರಿನ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಅವರ ಕಥೆಯೇ ಈ ಇತಿಹಾಸದ ಸಾರ ಹೇಳುತ್ತದೆ. ಮದರಾಸಿನಲ್ಲಿದ್ದಾಗ ಅವರು ಸರ್ಕಾರದ ಹಣದಲ್ಲಿ ಅಲ್ಯೂಮಿನಿಯಂ ಪಾತ್ರೆ, ಚರ್ಮ ಹದ ಮಾಡುವ ಉದ್ಯಮಗಳನ್ನು ನಡೆಸಿ ತೋರಿಸಿದ್ದರು. ಇಂಗ್ಲಿಷ್ ವ್ಯಾಪಾರಿಗಳು ದೂರಿದರು. ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಮಾರ್ಲೆ 1910ರಲ್ಲಿ ಸರ್ಕಾರ ಇಂಥ ವ್ಯಾಪಾರಕ್ಕೆ ಇಳಿಯಕೂಡದೆಂದು ತಡೆದರು. ಮದರಾಸಿನಲ್ಲಿ ತಡೆದ ಕೆಲಸಕ್ಕೆ ಮೈಸೂರಿನಲ್ಲಿ ಜಾಗ ಸಿಕ್ಕಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಬಟ್ಟಿ ಇಳಿಸುವ ಕ್ರಮ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ಎದ್ದವು. 1918ಕ್ಕೆ ಅದೇ ಎಣ್ಣೆಯ ಸೋಪು ಬಂತು. ಮೈಸೂರ್ ಸ್ಯಾಂಡಲ್ ಎಂಬ ಹೆಸರು ಇನ್ನೂ ನಮ್ಮ ಬಚ್ಚಲು ಮನೆಗಳಲ್ಲಿದೆ.

ಯಾವ ಸಿದ್ಧಾಂತದ ಪುಸ್ತಕವೂ ಈ ಕಾರ್ಖಾನೆಯನ್ನು ಹುಟ್ಟಿಸಲಿಲ್ಲ. ಕೊಳ್ಳುವವನು ಶತ್ರುವಾದ, ಮಾರುವವನು ಸರ್ಕಾರವೇ ಆಗಿತ್ತು, ಸರಕು ಕೊಳೆಯುವಂಥದ್ದಲ್ಲವಾದರೂ ಖಜಾನೆ ಕಾಯುವಂತಿರಲಿಲ್ಲ.

ಕೆಲಸ ಯಾರಿಗೆ?

ಕಾರ್ಖಾನೆ, ಬ್ಯಾಂಕು, ಕಾಲೇಜು, ಹೊಸ ಇಲಾಖೆಗಳೆಲ್ಲ ಬೆಳೆದಂತೆ ಒಂದು ಹೊಸ ಸೊತ್ತು ಹುಟ್ಟಿತು: ಸರ್ಕಾರಿ ಸಂಬಳ. ಭೂಮಿಯ ಹಾಗೆ ಮಳೆಗೆ ಕಾಯಬೇಕಿಲ್ಲ, ಬರ ಬಂದರೂ ತಿಂಗಳ ಕೊನೆಗೆ ಕೈಗೆ ಬರುತ್ತದೆ, ಮುಪ್ಪಿಗೆ ಪಿಂಚಣಿ. ಆ ಸೊತ್ತು ಯಾರ ಕೈಯಲ್ಲಿತ್ತು? ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರ ಕೈಯಲ್ಲಿ ದೊಡ್ಡ ಹುದ್ದೆಗಳ ಸುಮಾರು ಮೂರನೇ ಎರಡು ಪಾಲು ಇತ್ತು. ಇಂಗ್ಲಿಷ್ ವಿದ್ಯೆಗೆ ಅವರು ಮೊದಲು ತಿರುಗಿದ್ದರು. ಪಟ್ಟಣದಲ್ಲಿ ಮನೆ, ಓದಿನ ಪರಂಪರೆ ಎರಡೂ ಇತ್ತು.

1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಸೇರಿ ಆ ಹುದ್ದೆಗಳಲ್ಲಿ ಪಾಲು ಕೇಳಲು ಪ್ರಜಾಮಿತ್ರ ಮಂಡಳಿ ಕಟ್ಟಿದರು. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರ ಬೆಂಬಲ ಅವರಿಗಿತ್ತು. 1918ರಲ್ಲಿ ಮಂಡಳಿಯ ನಿಯೋಗ ಮಹಾರಾಜರನ್ನು ಕಂಡಿತು. ಅದೇ ವರ್ಷ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ದಿವಾನರಿಗೆ ಇದು ಹಿಡಿಸಲಿಲ್ಲ. ಯೋಗ್ಯತೆ ನೋಡದೆ ಹುದ್ದೆ ಹಂಚಿದರೆ ಆಡಳಿತ ಸಡಿಲವಾಗುತ್ತದೆ. ವಿದ್ಯೆ ಹರಡಿ, ಹುದ್ದೆ ತಾನಾಗಿ ಹಿಂಬಾಲಿಸಲಿ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ವಿದ್ಯೆ ಹರಡುವವರೆಗೆ ಎರಡು ತಲೆಮಾರು ಕಾಯಬೇಕೆ ಎಂಬುದು ಎದುರಿನವರ ಪ್ರಶ್ನೆ. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿಯೊಂದೇ ಕಾರಣವೇ, ಇನ್ನೂ ಬೇರೆ ವಿರಸಗಳಿದ್ದವೇ ಎಂಬ ಬಗ್ಗೆ ಬರೆದವರಲ್ಲಿ ಒಮ್ಮತವಿಲ್ಲ.

ಸಮಿತಿ 1919ರಲ್ಲಿ ವರದಿ ಕೊಟ್ಟಿತು. 1921ರಲ್ಲಿ ಸರ್ಕಾರದ ಆದೇಶ ಹೊರಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ವರ್ಗಗಳಿಗೆ ಹೋಗಬೇಕು. ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳು. ದೇಶದಲ್ಲಿ ಮೀಸಲಾತಿಯ ಚರ್ಚೆ ಕಾವೇರುವುದಕ್ಕೆ ಬಹಳ ಮೊದಲೇ ಮೈಸೂರಿನಲ್ಲಿ ಅದು ಸರ್ಕಾರಿ ಕಡತದಲ್ಲಿತ್ತು. 1881ರಲ್ಲಿ ಜಮಾಖರ್ಚು ಕೇಳಿ ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ಪಾಲು ಕೇಳಿ ಪಡೆದಿದ್ದರು.

ಪಡೆದವರೆಲ್ಲ ಸಮನಾಗಿ ಪಡೆಯಲಿಲ್ಲ. ಹಾಸ್ಟೆಲಿನ ಮೆಟ್ಟಿಲು ಮೊದಲು ಹತ್ತಿದವರು ಜಮೀನಿದ್ದ ಮನೆಯ ಹುಡುಗರು. ಹೊಲೆಯ, ಮಾದಿಗ ಕೇರಿಗಳಿಗೆ ಈ ಗಾಳಿ ತಟ್ಟಲು ಇನ್ನೂ ಬಹಳ ಕಾಲ ಬೇಕಾಯಿತು. ಪಟ್ಟಣದ ಮನೆಗಳೊಳಗಂತೂ ಬದಲಾವಣೆ ನಡೆದಿತ್ತು. ಸಂಬಳದವರ ಹೆಣ್ಣುಮಕ್ಕಳು ಮಹಾರಾಣಿ ಕಾಲೇಜಿಗೆ ಹೋದರು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡುವ ಕೇಂದ್ರಗಳು ತೆರೆದವು. 1933ರಲ್ಲಿ ಹಿಂದೂ ಹೆಂಗಸರಿಗೆ ಆಸ್ತಿಯಲ್ಲಿ ಹಕ್ಕು ಕೊಡುವ ಕಾನೂನು ಬಂತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾನೂನು ಬಂದದ್ದು ನಾಲ್ಕು ವರ್ಷದ ನಂತರ.

ಮಂಡ್ಯದ ಕಬ್ಬು, ಅಮೆರಿಕದ ಕುಸಿತ

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಅಲೆ ಹಳೇ ಮೈಸೂರಿನ ಹಿಪ್ಪುನೇರಳೆ ತೋಟಕ್ಕೂ ಬಂತು. ಬತ್ತ, ರಾಗಿಯ ಬೆಲೆ ಬಿತ್ತು. ಅಗ್ಗದ ಜಪಾನಿ ರೇಷ್ಮೆ ಗೂಡಿನ ಬೆಲೆಯನ್ನು ಇನ್ನೂ ಕೆಳಕ್ಕೆ ತಳ್ಳಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ನಾಲ್ವಡಿಯವರ ಬಾಲ್ಯದ ಸಹಪಾಠಿ, 1926ರಿಂದ 1941ರವರೆಗೆ ದಿವಾನರು.

ಕನ್ನಂಬಾಡಿ ಕಟ್ಟೆ ಮುಗಿಯುವ ಹೊತ್ತಿಗೆ ಅಲ್ಲಿಂದ ಇರ್ವಿನ್ ನಾಲೆ ತೆಗೆದು, ಹುಲಿಕೆರೆಯ ಗುಡ್ಡ ಕೊರೆದು, ಮಂಡ್ಯದ ಕಡೆ 1 ಲಕ್ಷ 20 ಸಾವಿರ ಎಕರೆಗೆ ನೀರು ಹರಿಸುವ ಯೋಜನೆ ಸಾಗಿತ್ತು. ಬತ್ತದ ಬೆಲೆ ಬಿದ್ದಿರುವಾಗ ನೀರು ಬಂದು ಏನು ಲಾಭ? ಕೃಷಿ ಇಲಾಖೆಯ ಮುಖ್ಯಸ್ಥ, ಕೆನಡಾದ ಲೆಸ್ಲಿ ಕೋಲ್ಮನ್, ಕಬ್ಬಿನ ದಾರಿ ತೋರಿದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು; ಸರ್ಕಾರದ ಪಾಲೂ ಇತ್ತು, ಜನರ ಷೇರೂ ಇತ್ತು. ನಾಲೆಯ ಜೊತೆ ಮಲೇರಿಯಾವೂ ಬಂದಾಗ ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಕೇಂದ್ರ ನಡೆಸಿತು.

ಅದೇ 1933ರಲ್ಲಿ ಅಮೆರಿಕದಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದರು. ಟೆನೆಸಿ ನದಿಗೆ ಅಣೆಕಟ್ಟು, ವಿದ್ಯುತ್ತು, ಗೊಬ್ಬರದ ಕಾರ್ಖಾನೆ, ಮಲೇರಿಯಾ ನಿವಾರಣೆ ಎಲ್ಲವನ್ನೂ ಒಂದೇ ಸರ್ಕಾರಿ ಪ್ರಾಧಿಕಾರಕ್ಕೆ ವಹಿಸಿದರು. ಅಲ್ಲಿ ಅದು ಭಾರಿ ಗದ್ದಲವೆಬ್ಬಿಸಿತು. ಸರ್ಕಾರ ಕರೆಂಟು ಮಾರಬಹುದೇ ಎಂದು ಖಾಸಗಿ ಕಂಪನಿಗಳು ಕೋರ್ಟಿಗೆ ಹೋದವು. ಮೈಸೂರು ಕರೆಂಟು ಮಾರಲು ಶುರು ಮಾಡಿ ಆಗಲೇ ಮೂವತ್ತೊಂದು ವರ್ಷವಾಗಿತ್ತು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಮೆರಿಕದ ಅಧ್ಯಕ್ಷರ ಕೈಯಲ್ಲಿ ನಾಣ್ಯವಿತ್ತು, ಸುಂಕವಿತ್ತು, ಮತದಾರರ ಬಲವಿತ್ತು. ಮೈಸೂರಿನ ದಿವಾನರಿಗೆ ಮೂರೂ ಇರಲಿಲ್ಲ. ಜಪಾನಿ ರೇಷ್ಮೆಗೆ ಸುಂಕ ಹಾಕಬೇಕಾದರೆ ದೆಹಲಿಯ ಮುಂದೆ ಕೈಕಟ್ಟಿ ನಿಲ್ಲಬೇಕು.

ಮತದಾರರಿಲ್ಲದ ಸರ್ಕಾರಕ್ಕೆ ರೈತರು ಬೇರೆ ರೀತಿಯಲ್ಲಿ ಉತ್ತರ ಕೊಟ್ಟರು. ನಾಲೆಯ ನೀರಿಗೆ ಕಟ್ಟಬೇಕಾದ ಹಣ, ಯಾವ ಬ್ಲಾಕಿನಲ್ಲಿ ಯಾವ ಬೆಳೆ ಎಂಬ ನಿಯಮ, ಎರಡರ ವಿರುದ್ಧವೂ ಮಂಡ್ಯದ ಕಡೆಯ ರೈತರು 1930ರ ದಶಕದ ಆರಂಭದಲ್ಲೇ ಎದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಏರಿತು. ಬ್ರಾಹ್ಮಣೇತರ ಚಳವಳಿಯಲ್ಲಿ ಬೆಳೆದ ಮುಖಂಡರು ಅಷ್ಟರಲ್ಲಿ ಕಾಂಗ್ರೆಸ್ಸಿನಲ್ಲಿದ್ದರು. ನೀರು ಕಂಡ ಊರುಗಳಲ್ಲೇ ಚಳವಳಿ ಗಟ್ಟಿಯಾದದ್ದು ಗಮನಿಸಬೇಕಾದ ಸಂಗತಿ. 1947ರ ಮೈಸೂರು ಚಲೋ ಚಳವಳಿ ಮುಗಿದು ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ, ರಂಗಾಚಾರ್ಲು ಶುರು ಮಾಡಿದ ಲೆಕ್ಕ ಒಪ್ಪಿಸುವ ಕೆಲಸ ಕೊನೆಗೂ ಜನರಿಂದ ಆರಿಸಿ ಬಂದವರ ಪಾಲಿಗೆ ಬಿತ್ತು.

ಯಾರ ಮಾದರಿ, ಎಂಥ ಮಾದರಿ

ಈ ಅರುವತ್ತಾರು ವರ್ಷಗಳನ್ನು ಹೇಗೆ ಅಳೆಯಬೇಕು ಎಂಬುದರಲ್ಲಿ ವಿದ್ವಾಂಸರು ಒಂದು ದನಿಯಲ್ಲಿ ಮಾತಾಡುವುದಿಲ್ಲ. ಸ್ವೀಡನ್ನಿನ ಬ್ಯೋರ್ನ್ ಹೆಟ್ನೆ ಇದನ್ನು ಪರೋಕ್ಷ ಆಳ್ವಿಕೆಯ ಚೌಕಟ್ಟಿನಲ್ಲಿ ನೋಡಿದರು: ಬ್ರಿಟಿಷ್ ಸಾರ್ವಭೌಮತ್ವ ಬಿಟ್ಟುಕೊಟ್ಟಷ್ಟೇ ಜಾಗದಲ್ಲಿ ನಡೆದ ಬೆಳವಣಿಗೆ. ಜೇಮ್ಸ್ ಮೇನರ್ ಪ್ರಕಾರ ಮೈಸೂರಿನ ರಾಜಕೀಯ ಬಹುಕಾಲ ಪಟ್ಟಣದ ಸಣ್ಣ ಗುಂಪಿನೊಳಗೇ ಉಳಿದು ಹಳ್ಳಿಯನ್ನು ಮುಟ್ಟಿದ್ದು ತಡವಾಗಿ. ಜಾನಕಿ ನಾಯರ್ ಗಣಿ ಗಿರಣಿಗಳ ಕಾರ್ಮಿಕರ ಕಡೆಯಿಂದ ನೋಡಿ, ಮಾದರಿ ಸಂಸ್ಥಾನದ ಹೊಳಪಿನ ಹಿಂದಿನ ಬೆವರನ್ನು ಎಣಿಸಿದರು. ಮೂವರ ಮಾತಿಗೂ ಸಾಕ್ಷಿ ಮೈಸೂರು ನಗರದಲ್ಲೇ ಸಿಗುತ್ತದೆ. ಸಂಸ್ಥಾನದ ಬಂಡವಾಳ ಹೆಚ್ಚಾಗಿ ಬೆಳೆಸಿದ್ದು ಬೆಂಗಳೂರನ್ನು. ಸೋಪಿನ ಕಾರ್ಖಾನೆ, ದೀಪದ ಕಾರ್ಖಾನೆ, 1940ರ ವಿಮಾನ ಕಾರ್ಖಾನೆ ಎಲ್ಲ ಅಲ್ಲಿ. ಸಚಿವಾಲಯವೂ ಅಲ್ಲಿ. ಮೈಸೂರಿಗೆ ಉಳಿದದ್ದು ಅರಮನೆ, ವಿಶ್ವವಿದ್ಯಾನಿಲಯ, ಗಂಧ, ರೇಷ್ಮೆ, ಮತ್ತು 1937ರ ಅರಗು ಬಣ್ಣದ ಕಾರ್ಖಾನೆ. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಆ ಕಾರ್ಖಾನೆಯಲ್ಲಿ. ಮತವಿಲ್ಲದ ಪ್ರಜೆಗಳ ಸರ್ಕಾರ ಕಟ್ಟಿದ ಕಾರ್ಖಾನೆಗೆ ಕೊನೆಗೆ ಸಿಕ್ಕ ದೊಡ್ಡ ಗಿರಾಕಿ ಚುನಾವಣಾ ಆಯೋಗ.

ಮಿಲ್ಲರ್ ವರದಿಯ ಎಳೆಯೂ ಕಡಿಯಲಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದಾಗ, 1921ರ ಆದೇಶದ ಫಲ ಕೆಲವೇ ಜಾತಿಗಳಲ್ಲಿ ನಿಂತಿತ್ತು. ಅವರು ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದರು. 1974ರ ಭೂಸುಧಾರಣೆಯಿಂದ ಗೇಣಿದಾರ ಉಳುವ ನೆಲದ ಒಡೆಯನಾದ. ಸಂಬಳದ ಪಾಲಿನ ಜೊತೆ ನೆಲದ ಪಾಲೂ ಸರ್ಕಾರದ ವಿಷಯವಾಯಿತು.

ಗಂಧದ ಮರದ ಪಾಲು ಮಾತ್ರ ಬಹಳ ತಡವಾಗಿ ಬಂತು. ಸಂಸ್ಥಾನ ಹೋಗಿ, ರಾಜ್ಯ ಬಂದು, ಮೈಸೂರು ಕರ್ನಾಟಕವಾದ ಮೇಲೂ ರೈತನ ಹೊಲದಲ್ಲಿ ಹುಟ್ಟಿದ ಗಂಧ ಸರ್ಕಾರದ್ದೇ. ಕಳ್ಳರು ಕಡಿದರೆ ಪೊಲೀಸರು ಹೊಲದವನನ್ನೇ ಕೇಳುತ್ತಾರೆಂದು, ಬದುವಿನಲ್ಲಿ ಸಸಿ ಕಂಡರೆ ರೈತ ಬೇರು ಸಮೇತ ಕಿತ್ತೆಸೆಯುತ್ತಿದ್ದ. ಕಾಡಿನ ಮರ ಕಳ್ಳರ ಪಾಲಾಯಿತು, ಹೊಲದಲ್ಲಿ ಬೆಳೆಯಲಿಲ್ಲ. 2001ರಲ್ಲಿ ಅರಣ್ಯ ಕಾಯಿದೆ ತಿದ್ದಿ, ನೆಟ್ಟವನಿಗೇ ಮರದ ಹಕ್ಕು ಕೊಟ್ಟರು. ಟಿಪ್ಪುವಿನಿಂದ ಲೆಕ್ಕ ಹಾಕಿದರೆ ಇನ್ನೂರು ವರ್ಷ ದಾಟಿತ್ತು. ಅಷ್ಟು ಹೊತ್ತಿಗೆ, ಯುದ್ಧಕಾಲದಲ್ಲಿ ಕೊರಡು ಹೆಚ್ಚಾಗಿ ಕೊಳ್ಳುವವರಿಲ್ಲದೆ ಹುಟ್ಟಿದ ಮಾನಂದವಾಡಿ ರಸ್ತೆಯ ಕಾರ್ಖಾನೆ, ಬಟ್ಟಿಗೆ ಹಾಕಲು ಕೊರಡು ಸಾಲದೆ ಕಾಯುತ್ತಿತ್ತು.